ಮಿರ್ಚಿಯಲ್ಲಿ ಬೇರಿಯಂ

ಕಾಲೇಜಿನ ಲ್ಯಾಬಿನಲ್ಲಿ ಲೇಬಲ್ ಕಿತ್ತುಹೋದ ಒಂದು ಬಾಟಲಿ ಇತ್ತು. ಒಳಗಿನ ಬಿಳಿ ಪುಡಿ ಏನೆಂದು ಸೋಮವಾರದೊಳಗೆ ಹೇಳಬೇಕೆಂದು ಪ್ರಿನ್ಸಿಪಾಲರು ತಾಕೀತು ಮಾಡಿದ್ದರು. ಕೆಮಿಸ್ಟ್ರಿ ಲೆಕ್ಚರರ್ ಹುಲುಗೇಶ ತಳದಲ್ಲಿ ಉಳಿದಿದ್ದಷ್ಟನ್ನೂ ಕಾಗದದಲ್ಲಿ ಕಟ್ಟಿ, ಅಂಗಿಯ ಕಿಸೆಗೆ ಹಾಕಿಕೊಂಡು ಕುರುಗೋಡಿನ ಮನೆಗೆ ತಂದ. ಅವನು ಮಾಡಿದ ಮೊದಲ ತಪ್ಪು ಅದು.

ಮರುದಿನ ಸಿರುಗುಪ್ಪದಿಂದ ಚಿದಾನಂದಪ್ಪ ಇಬ್ಬರು ತಮ್ಮಂದಿರ ಜೊತೆ ಹುಡುಗನ ಮನೆ ನೋಡಲು ಬಂದ. ಹಾಗೆ ಬರುವಾಗ ಹುಡುಗಿಯನ್ನು ಕರೆತರುವ ಪದ್ಧತಿಯಿಲ್ಲ. ಆದರೆ ಎಂ.ಎಸ್ಸಿ. ಓದಿದ ಮಗಳು ಚೈತ್ರಾ, "ಆ ಮನ್ಯಾಗ ಇರಾಕಿ ನಾನಾ, ನೀವಾ?" ಎಂದು ತಾನೇ ಕಾರು ಓಡಿಸಿಕೊಂಡು ಬಂದಿದ್ದಳು. ಮೂವತ್ತೈದು ದಾಟಿದ್ದ ಹುಲುಗೇಶನಿಗೆ ಮನೆ ನೋಡುವವರೆಗೆ ಬಂದ ಮೊದಲ ಸಂಬಂಧ ಇದು. ತಪ್ಪಿದರೆ ಇನ್ನೊಂದನ್ನು ಹುಡುಕಿಕೊಡುವವರೂ ಉಳಿದಿರಲಿಲ್ಲ.

ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಬಂದವು. ಗಾಬರಿಯಾದಾಗ ತಿನ್ನುವುದು ಹುಲುಗೇಶನ ಚಾಳಿ. ಬೀಗರಿಗಿಂತ ಹೆಚ್ಚು ಮಿರ್ಚಿ ಅವನೇ ಮುಗಿಸಿದ. ಚೈತ್ರಾ ಚಹಾ ಮಾತ್ರ ಕುಡಿದಳು.

ಇನ್ನೊಂದು ತಟ್ಟೆ ತರಲು ಒಳಗೆ ಹೋದವನಿಗೆ ಒಲೆಯ ಪಕ್ಕ ಬಿಚ್ಚಿದ ಪೊಟ್ಟಣ ಕಂಡಿತು.

"ಯವ್ವಾ, ಇದು ಇಲ್ಲಿಗ್ಯಾಕ ಬಂತು?"

"ಡಬ್ಬ್ಯಾಗ ಉಪ್ಪು ಖಾಲಿ ಆಗಿತ್ತಪ್ಪಾ. ನಿನ್ ಅಂಗಿ ಒಗಿಯಾಕ ತಗೊಂಡಾಗ ಸಿಕ್ತು. ಮಿರ್ಚಿ ಹಿಟ್ಟಿಗೆ ಹಾಕೀನಿ," ಎಂದಳು ತಾಯಿ ಹಂಪಮ್ಮ. "ಯಾಕ, ಉಪ್ಪು ಕಮ್ಮಿ ಆಗೇತೇನು?"

ಹುಲುಗೇಶನ ಮುಖ ನೀರು ಹೆಚ್ಚಾದ ಹಿಟ್ಟಿನಂತೆ ಇಳಿದುಹೋಯಿತು. ಕಾಗದದಲ್ಲಿ ಇನ್ನು ಮೂರೇ ಚಿಟಿಕೆ ಇತ್ತು.

ಸಹಾಯಕ್ಕೆ ಬಂದಿದ್ದ ಪಕ್ಕದ ಮನೆಯ ಶಿವಬಸಮ್ಮನ ಎಲೆಯಡಿಕೆ ಚೀಲದಿಂದ ಸುಣ್ಣ ಕಸಿದು, ಒಂದು ಚಿಟಿಕೆ ಪುಡಿಯ ಜೊತೆ ಅಂಗೈಯಲ್ಲಿ ತಿಕ್ಕಿ ಮೂಸಿದ. ಅಮೋನಿಯಂ ಇದ್ದರೆ ಮೂಗು ಸುಡಬೇಕು. ಸುಡಲಿಲ್ಲ.

"ಹಂಪಮ್ಮಾ, ನಿನ್ ಮಗ ತಂಬಾಕು ಹಾಕ್ತಾನೇನು? ಬೀಗರು ಹೊರಗ ಕುಂತಾರ!"

ಎರಡನೆಯ ಚಿಟಿಕೆಯ ಮೇಲೆ ನಿಂಬೆಹಣ್ಣು ಹಿಂಡಿದ. ಕಾರ್ಬೊನೇಟ್ ಇದ್ದರೆ ನೊರೆ ಏಳಬೇಕು. ಏಳಲಿಲ್ಲ.

"ಅಯ್ಯಯ್ಯೋ, ಈಗ ನಿಂಬಿಹಣ್ಣು! ಮಾಟ ಮಾಡಾಕ ಹತ್ಯಾನಲ್ಲೇ ಯವ್ವಾ!"

ಕಡೆಯ ಚಿಟಿಕೆ ಉಳಿಯಿತು. ಹಳೆಯ ವೈರೊಂದನ್ನು ಹಲ್ಲಿನಿಂದ ಸುಲಿದು, ತಂತಿಯ ತುದಿಗೆ ಪುಡಿ ಅಂಟಿಸಿ ಗ್ಯಾಸಿನ ಉರಿಗೆ ಹಿಡಿದ. ಉರಿ ಗಿಣಿಯಂತೆ ಹಸಿರಾಯಿತು.

ಹಸಿರು ಅಂದರೆ ಬೇರಿಯಂ. ಬೇರಿಯಂ ಅಂದರೆ ವಿಷ. ಪ್ರತಿ ವರ್ಷ ಬೋರ್ಡಿನ ಮೇಲೆ ಅವನೇ ಬರೆಯುತ್ತಿದ್ದ.

"ತಿನ್ನಬ್ಯಾಡ್ರೀ! ವಿಷಾ!"

ಹೊರಗೆ ಓಡಿದವನೇ ಚಿದಾನಂದಪ್ಪನ ಬಾಯಿಗೆ ಬೆರಳು ಹಾಕಿದ. ಚಿದಾನಂದಪ್ಪ ಕಚ್ಚಿದ. ಶಿವಬಸಮ್ಮ ಉಳಿದ ಮಿರ್ಚಿ, ಹಿಟ್ಟನ್ನೆಲ್ಲ ಗಟಾರಕ್ಕೆ ಚೆಲ್ಲಿ, ತನ್ನ ಮನೆಯಿಂದ ಒಂದು ಕೊಡ ಉಪ್ಪುನೀರು ಹೊತ್ತು ತಂದಳು. "ಕುಡೀರಿ ಯಣ್ಣಾ, ಸಾಯೋದಕ್ಕಿಂತ ಕಕ್ಕೋದು ಚಲೋ!" ಮೂವರೂ ಅಂಗಳದಲ್ಲಿ ಸಾಲಾಗಿ ಬಗ್ಗಿದರು. ಹುಲುಗೇಶ ಒಬ್ಬರ ಬೆನ್ನು ಗುದ್ದಿ ಇನ್ನೊಬ್ಬರ ಬೆನ್ನಿಗೆ ಓಡುತ್ತಿದ್ದ. ಓಣಿಯ ಜನ ಕಾಂಪೌಂಡಿನ ಮೇಲೆ ಹತ್ತಿ ಕುಳಿತರು.

ಹೊಟ್ಟೆ ಖಾಲಿಯಾದ ಮೇಲೆ ಚಿದಾನಂದಪ್ಪ ಬಾಯಿ ಒರೆಸಿಕೊಂಡು ಹುಲುಗೇಶನ ಕೈ ಹಿಡಿದ. "ಮಾಸ್ತರ, ನೀ ಇಲ್ಲಂದ್ರ ನಾವು ಮೂರೂ ಮಂದಿ ಹೆಣ. ನನ್ ಮಗಳು ನಿನಗ. ಎಲಿ ಅಡಿಕಿ ತರ್ರಿ ಹಂಪಮ್ಮಾ!"

ಕಾಂಪೌಂಡಿನ ಮೇಲಿನವರು ಸಿಳ್ಳೆ ಹಾಕಿದರು. ಹುಲುಗೇಶ ಎದೆಯುಬ್ಬಿಸಿದ.

"ಅಪ್ಪಾ, ತಡಿ. ಎಲ್ರೂ ಇಲ್ಲಿ ಬರ್ರಿ."

ಅಡುಗೆಮನೆಯಲ್ಲಿ ಚೈತ್ರಾ ಅದೇ ತಂತಿಯನ್ನು ತಿಕ್ಕಿ ತೊಳೆದು ಉರಿಗೆ ಹಿಡಿದಿದ್ದಳು. ಅದರಲ್ಲಿ ಪುಡಿಯ ಸುಳಿವಿಲ್ಲ. ಉರಿ ಮಾತ್ರ ಹಸಿರು.

"ಇದು ತಾಮ್ರದ ತಂತಿ. ತಾಮ್ರಾನೂ ಹಸಿರೇ ಉರಿತೈತಿ. ಕೆಮಿಸ್ಟ್ರಿ ಸರ್‌ಗೆ ಗೊತ್ತಿಲ್ಲೇನು?"

ಚಿದಾನಂದಪ್ಪ ಅಂಗಳದ ಕಡೆ ತಿರುಗಿ ನೋಡಿದ. "ಅಂದ್ರ ನಾ ಕಕ್ಕಿದ್ದು ಬರೇ ಮಿರ್ಚಿ?" ಹಂಪಮ್ಮ ಚಾಚಿದ ಎಲೆಯಡಿಕೆ ತಟ್ಟೆಯನ್ನು ಎರಡೂ ಕೈಯಿಂದ ತಳ್ಳಿದ. ಸಂಬಂಧ ಅಲ್ಲಿಗೆ ಮುಗಿಯಿತು.

"ಹೋಗ್ಲಿ, ವಿಷ ಅಲ್ಲಲ್ಲ!" ಎಂದ ಹುಲುಗೇಶ.

"ಅಲ್ಲಂತ ಯಾರಂದ್ರು? ಏನಂತ ಗೊತ್ತಿಲ್ಲ, ಅಷ್ಟ. ನೋಡಾಕ ಒಂದು ಚಿಟಿಕಿನೂ ಉಳಿಸಿಲ್ಲ ನೀವು." ಚೈತ್ರಾ ಕಾರಿನ ಕೀಲಿ ತೆಗೆದಳು. "ಬಳ್ಳಾರಿ ದವಾಖಾನಿಗೆ ನಡೀರಿ. ಸರ್, ನೀವು ಮೊದ್ಲು ಹತ್ರಿ."

"ನಾನ್ಯಾಕ?"

"ಅವರೆಲ್ಲಾ ಕಕ್ಯಾರ. ನೀವು?"

ಬೀಗರನ್ನು ಕಕ್ಕಿಸುವ ಭರದಲ್ಲಿ ಹುಲುಗೇಶ ತನ್ನನ್ನೇ ಮರೆತಿದ್ದ. ಅವನು ತನ್ನ ಬಾಯಿಗೇ ಬೆರಳು ಹಾಕಲು ಹೊರಟ. ಶಿವಬಸಮ್ಮ ಕೊಡ ಎತ್ತಿಕೊಂಡು ಓಡಿಬಂದಳು.

ಚೈತ್ರಾ ಅಡ್ಡ ನಿಂತಳು. "ಬ್ಯಾಡ್ರಿ ಯಮ್ಮಾ. ಉಳಿದಿರೋದು ಇದೊಂದೇ ಸ್ಯಾಂಪಲ್, ಕೆಡ್ತೈತಿ."