ಇಪ್ಪತ್ತಾರು ಡಿಗ್ರಿಯ ಬ್ಲೈಂಡು

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಖಾಲಿ ಬಿಟ್ಟ ಒಂದು ಖಾನೆ.

ಕಟ್ಟಡ ಏಳುವ ಮೊದಲೇ ಅದರೊಳಗೆ ಎಷ್ಟು ಸೆಖೆಯಾದೀತು, ಎಷ್ಟು ದೊಡ್ಡ ಎ.ಸಿ. ಬೇಕಾದೀತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಕೊಡುವ ಕಚೇರಿ ಅದು. ಅಲ್ಲಿ ಎಲ್ಲರೂ 'ಸೆಖೆಯಣ್ಣ' ಎಂದು ಕರೆಯುತ್ತಿದ್ದ ಮನುಷ್ಯನಿಗೆ ಇದ್ದದ್ದು ಒಂದೇ ಕೆಲಸ. ಕಿಟಕಿಯ ಗಾಜಿನ ಹಿಂದೆ ತೂಗುವ ಪಟ್ಟಿ ಪಟ್ಟಿಯ ಬ್ಲೈಂಡು ಬಿಸಿಲಿಗೆ ಎಷ್ಟು ಕಾಯುತ್ತದೆ ಎಂದು ಅಂದಾಜು ಮಾಡಿ, ಆ ಅಂಕಿಯನ್ನು ಲೆಕ್ಕದ ಪ್ರೋಗ್ರಾಮಿನಲ್ಲಿ ಅದಕ್ಕೆಂದೇ ಇರುವ ಖಾನೆಯಲ್ಲಿ ತುಂಬುವುದು. ಕಾದ ಬ್ಲೈಂಡೆಂದರೆ ಒಲೆಯ ಮೇಲಿನ ಹೆಂಚಿದ್ದಂತೆ, ಕೋಣೆಯನ್ನೆಲ್ಲ ಬೇಯಿಸುತ್ತದೆ. ಇಂಥ ಕೆಲಸಕ್ಕೂ ಸಂಬಳ ಕೊಡುತ್ತಾರೆಂದು ಅವನ ಮಾವ ಇವತ್ತಿಗೂ ನಂಬಿಲ್ಲ.

ಹೊಸ ಆಸ್ಪತ್ರೆಯೊಂದರ ಲೆಕ್ಕ ಮಾಡುವಾಗ, ಊಟ ಮಾಡಿ ಬಂದು ತುಂಬಿದರಾಯಿತು ಎಂದು ಎದ್ದವನು ಮರೆತೇಬಿಟ್ಟ. ಖಾನೆ ಖಾಲಿಯಿದ್ದರೆ ಆ ಪ್ರೋಗ್ರಾಮು ಜಗಳಕ್ಕೆ ಬರುವುದಿಲ್ಲ. ಬ್ಲೈಂಡೂ ಕೋಣೆಯ ಗಾಳಿಯಷ್ಟೇ ತಣ್ಣಗಿದೆ, ಇಪ್ಪತ್ತಾರು ಡಿಗ್ರಿ, ಎಂದು ತಾನೇ ಇಟ್ಟುಕೊಂಡು ಮುಂದೆ ಹೋಗುತ್ತದೆ. ಲೆಕ್ಕ ಹೋಯಿತು, ಚಿಕ್ಕ ಎ.ಸಿ. ಬಂತು, ರೋಗಿಗಳೂ ಬಂದರು. ನಿನ್ನೆ ಪಶ್ಚಿಮದ ಕಿಟಕಿಯ ಪಕ್ಕ ಮಲಗಿದ್ದ ಮುದುಕರೊಬ್ಬರು ಸೆಖೆಗೆ ಎಚ್ಚರ ತಪ್ಪಿದರು.

ಬೆಳಗ್ಗೆ ಮ್ಯಾನೇಜರು ಸೆಖೆಯಣ್ಣನನ್ನು ಕರೆಸಿದರು.

"ಸಂಜೆ ಆಸ್ಪತ್ರೆ ಮಾಲೀಕರು ಬರ್ತಾರೆ. ನಮ್ಮ ಮೀಟಿಂಗ್ ರೂಮಲ್ಲೂ ಅದೇ ಗಾಜು, ಅದೇ ಬ್ಲೈಂಡು, ಅದೇ ಪಶ್ಚಿಮದ ಬಿಸಿಲು. ಥರ್ಮಾಮೀಟರ್ ಅಂಟಿಸಿ. ನಿಮ್ಮ ಲೆಕ್ಕದಲ್ಲಿರೋ ಇಪ್ಪತ್ತಾರನ್ನೇ ತೋರಿಸಿದ್ರೆ ಬಚಾವ್. ಇಲ್ದಿದ್ರೆ ನಾಳೆಯಿಂದ ನೀವು ಮನೇಲೇ ಇರಿ."

ಐವತ್ತರ ಹತ್ತಿರ ಹೋಗುತ್ತದೆಂದು ಸೆಖೆಯಣ್ಣನಿಗೆ ಅಂಟಿಸುವ ಮೊದಲೇ ಗೊತ್ತಿತ್ತು. ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ಥರ್ಮಾಮೀಟರಿನ ವೈರಿನ ತುದಿಯನ್ನು ಬ್ಲೈಂಡಿನ ಪಟ್ಟಿಗೆ ಟೇಪಿನಿಂದ ಅಂಟಿಸಿ, ಮೇಜಿನ ಮೇಲಿನ ಅಂಕಿಯನ್ನೇ ನೋಡುತ್ತ ಕುಳಿತ. ಬಿಸಿಲು ಈ ಕಡೆ ವಾಲಿದ ಮೇಲೆ ಮೂವತ್ತೆಂಟಾಯಿತು, ನಲವತ್ತೇಳಾಯಿತು. ಅಂಕಿ ಏರಿದಷ್ಟೂ ಅವನ ಕೈಕಾಲು ತಣ್ಣಗಾಗುತ್ತಿದ್ದವು.

"ಯಾಕ್ ಸೆಖೆಯಣ್ಣ, ಮುಖ ಹೀಗೆ ಬಾಡಿದೆ?" ಎಂದು ಅಕೌಂಟೆಂಟಮ್ಮ ಒಳಗೆ ಬಂದರು.

ಅವರಿಗೆ ಹೇಳುವುದೂ ಒಂದೇ, ಡಂಗುರ ಹೊಡೆಸುವುದೂ ಒಂದೇ. ಆದರೂ ಕಷ್ಟದಲ್ಲಿದ್ದವನ ಬಾಯಿ ಕೇಳಬೇಕಲ್ಲ, ಖಾಲಿ ಖಾನೆಯ ಕತೆಯನ್ನು ಪೂರ್ತಿ ಹೇಳಿಕೊಂಡ.

"ಅಯ್ಯೋ, ಅಷ್ಟೇನಾ? ನಾವೆಲ್ಲ ಇಲ್ವಾ!" ಎಂದವರೇ ಹೊರಗೆ ಹೋದರು. ಅಲ್ಲಿಗೆ ಅವನ ಗ್ರಹಚಾರ ಶುರುವಾಯಿತು.

ಮೊದಲು ಬಂದವರು ಟೀ ತರುವವರು. ಸುದ್ದಿ ಬಾಯಿಂದ ಬಾಯಿಗೆ ಹೋಗಿ ಅವರನ್ನು ಮುಟ್ಟುವಷ್ಟರಲ್ಲಿ ತಲೆಕೆಳಗಾಗಿತ್ತು. ಅಂಕಿ ಎಷ್ಟು ಮೇಲೇರಿದರೆ ಸೆಖೆಯಣ್ಣನಿಗೆ ಅಷ್ಟು ಒಳ್ಳೆಯದು ಎಂದುಕೊಂಡು, ಕುದಿಯುವ ಕೆಟಲನ್ನು ಸದ್ದಿಲ್ಲದೆ ವೈರಿನ ಕೆಳಗಿಟ್ಟರು. ಮ್ಯಾನೇಜರು ಇಣುಕಿ ನೋಡಿದ್ದೂ ಆಗಲೇ. ಎಪ್ಪತ್ತೊಂದು!

"ಏನ್ರೀ ಇದು, ಬ್ಲೈಂಡೋ ಬಾಣಲೆಯೋ? ಇದನ್ನ ಅವರಿಗೆ ತೋರಿಸ್ಲಾ?"

ಸೆಖೆಯಣ್ಣ ಅದು ಕೆಟಲಿನ ಕಿತಾಪತಿಯೆಂದು ಮ್ಯಾನೇಜರಿಗೆ ತೋರಿಸಿ, ಕೆಟಲನ್ನೂ ಅದರ ಒಡೆಯರನ್ನೂ ಸಾಗಹಾಕಿ ಬರುವಷ್ಟರಲ್ಲಿ ಅಕೌಂಟೆಂಟಮ್ಮ ಅತಿಥಿಗಳಿಗೆಂದು ನೀರಿನ ಜಗ್ಗನ್ನು ತಂದು ಕಿಟಕಿಯ ಕಟ್ಟೆಯ ಮೇಲಿಟ್ಟು ಹೋಗಿದ್ದರು. ಅವನು ನೋಡುತ್ತಿದ್ದಂತೆಯೇ ಬಿಸಿಗೆ ಟೇಪಿನ ಅಂಟು ಬಿಟ್ಟುಕೊಂಡಿತು. ವೈರಿನ ತುದಿ ಜಾರಿ ಗುಳಕ್ಕನೆ ಜಗ್ಗಿಗೆ ಬಿತ್ತು. ನಲವತ್ತು, ಮೂವತ್ತಮೂರು, ಇಪ್ಪತ್ತೆಂಟು. ಇಪ್ಪತ್ತಾರಕ್ಕೆ ಬಂದು ನಿಂತಿತು.

ತೆಗೆಯಲೆಂದು ಕೈ ಚಾಚಿದ. ಬಾಗಿಲ ಹೊರಗೆ ಮಾತು ಕೇಳಿಸಿತು. ಚಾಚಿದ ಕೈ ಹಿಂದೆ ಬಂತು. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು, ಆದರೂ ಹೋಗಿ ಜಗ್ಗಿಗೆ ಅಡ್ಡವಾಗಿ ನಿಂತ.

ಮ್ಯಾನೇಜರ ಜೊತೆ ಒಳಬಂದ ಮಾಲೀಕರು ಅಂಕಿ ನೋಡಿ ಮುಖ ಅರಳಿಸಿದರು. ಅಂಕಿ ಎಲ್ಲಿ ಮನಸ್ಸು ಬದಲಾಯಿಸೀತೋ ಎಂದು ಮ್ಯಾನೇಜರು ಥರ್ಮಾಮೀಟರಿನ ಸ್ವಿಚ್ಚು ಆರಿಸಿ, ವೈರಿನಿಂದ ಬಿಡಿಸಿ ಅದನ್ನು ಜೇಬಿಗಿಟ್ಟರು.

"ಹಾಗಾದ್ರೆ ಕಿಟಕಿದು ತಪ್ಪಿಲ್ಲ," ಎಂದ ಮಾಲೀಕರು ಅಲ್ಲೇ ಫೋನ್ ಹಚ್ಚಿದರು. "ನೋಡಿ ಸಿಸ್ಟರ್, ಆ ತಾತನ್ನ ವಾಪಸ್ ಅದೇ ಹಾಸಿಗೆಗೆ ಹಾಕಿ. ಸೆಖೆ ಅಂತೆ ಸೆಖೆ! ಎಲ್ಲಾ ಅವರ ಭ್ರಮೆ."

ಸೆಖೆಯಣ್ಣ ನಿಜ ಹೇಳಬೇಕಿದ್ದರೆ ಆಗಲೇ ಹೇಳಬೇಕಿತ್ತು. ಜಗ್ಗಿಗೆ ಇನ್ನಷ್ಟು ಒತ್ತಿಕೊಂಡು ನಿಂತ.

"ಗಂಟಲು ಒಣಗಿದೆ, ಸ್ವಲ್ಪ ನೀರು ಕೊಡಿ," ಎಂದು ಮಾಲೀಕರು ಜಗ್ಗಿನ ಕಡೆ ಬಂದರು.

"ಬೇಡ ಸಾರ್, ಅದು ತಣ್ಣಗಿದೆ!"

"ತಣ್ಣಗಿರೋದೇ ಬೇಕಪ್ಪ ನಂಗೆ."

ಅವರ ಹಿಂದೆಯೇ ಬಂದಿದ್ದ ಅಕೌಂಟೆಂಟಮ್ಮ ಓಡಿಹೋಗಿ ಬೇರೆ ಲೋಟದಲ್ಲಿ ನೀರು ತಂದರು. ತಂದವರು ಸುಮ್ಮನಿರಬಾರದೇ? ಸ್ನೇಹಿತನಿಗೆ ನಾಲ್ಕು ಒಳ್ಳೆಯ ಮಾತು ಬರಲಿ ಎಂದು ಮ್ಯಾನೇಜರ ಮುಂದೆಯೇ ಶುರುಮಾಡಿದರು.

"ನಮ್ಮ ಸೆಖೆಯಣ್ಣನ ಕೈಗುಣ ನೋಡಿ ಸಾರ್! ಪಾಪ, ಅಂದಾಜು ಮಾಡೋದನ್ನೇ ಮರೆತು ಖಾನೆ ಖಾಲಿ ಬಿಟ್ಟಿದ್ರಂತೆ. ಆದ್ರೂ ಲೆಕ್ಕ ಎಷ್ಟು ಕರೆಕ್ಟಾಗಿ ಬಂದಿದೆ!"

ಮ್ಯಾನೇಜರು ಒಮ್ಮೆ ಬ್ಲೈಂಡನ್ನು, ಒಮ್ಮೆ ಸೆಖೆಯಣ್ಣನನ್ನು ನೋಡಿದರು. ಆಮೇಲೆ ಕೋಪವೇ ಇಲ್ಲದ ದನಿಯಲ್ಲಿ ಕೇಳಿದರು.

"ಅಂದ್ರೆ ಖಾಲಿ ಬಿಟ್ರೂ ಕಂಪ್ಯೂಟರೇ ಸರಿಯಾಗಿ ಹಾಕ್ಕೊಳ್ಳುತ್ತೆ. ಅದನ್ನ ನೀವೇ ಸಾಬೀತು ಮಾಡಿ ತೋರಿಸಿದ್ರಿ. ಇಷ್ಟು ವರ್ಷ ನಾವು ನಿಮ್ಮನ್ನ ಯಾತಕ್ಕೆ ಇಟ್ಕೊಂಡಿದ್ವಿ?"

"ಸಾರ್..."

"ಬೇಜಾರು ಮಾಡ್ಕೋಬೇಡಿ. ನಾಳೆಯಿಂದ ಬರೋದೇನೂ ಬೇಡ."

ಸೆಖೆಯಣ್ಣನಿಗೆ ಆಗ ಬಾಯಿ ಬಂತು. ಜಗ್ಗಿನಿಂದ ವೈರನ್ನು ಎತ್ತಿ ಹಿಡಿದ. ನೀರು ತೊಟ್ಟಿಕ್ಕಿತು.

"ಅದೆಲ್ಲ ಸುಳ್ಳು ಸಾರ್! ವೈರು ನೀರಲ್ಲಿ ಬಿದ್ದಿತ್ತು. ಬ್ಲೈಂಡು ಐವತ್ತು ಡಿಗ್ರಿ ಇದೆ, ಬೇಕಾದ್ರೆ ಮುಟ್ಟಿ ನೋಡಿ! ಆ ತಾತನ್ನ ಅಲ್ಲಿ ಮಲಗಿಸ್ಬೇಡಿ!"

ಮಾಲೀಕರು ಮ್ಯಾನೇಜರ ಮುಖ ನೋಡಿದರು. ಮ್ಯಾನೇಜರು ನಕ್ಕು ಅವರ ಬೆನ್ನ ಮೇಲೆ ಕೈಯಿಟ್ಟು ಬಾಗಿಲ ಕಡೆ ನಡೆಸಿಕೊಂಡು ಹೋದರು. ಹೊಸ್ತಿಲಲ್ಲಿ ಒಮ್ಮೆ ತಿರುಗಿದರು.

"ಅಲ್ರೀ, ಇಷ್ಟೊತ್ತು ತಣ್ಣಗಿತ್ತು. ನಿಮ್ಮ ಕೆಲಸ ಹೋಗುತ್ತೆ ಅಂದ ತಕ್ಷಣ ಬ್ಲೈಂಡು ಬಿಸಿಯಾಯ್ತಾ?"