ಟೌನ್‌ಹೌಸ್ ಹಿತ್ತಿಲಿನ ಗರಡಿ

ಅಜ್ಜನ ಹೆಸರು ಹೇಳಿಕೊಂಡು ಜಂಬ ಕೊಚ್ಚುವುದರಲ್ಲಿ ಅಂಥ ಅಪಾಯವೇನೂ ಇಲ್ಲ, ಕೇಳುವವರು ನಂಬದಿದ್ದರೆ. ಕೆರೊಲೈನಾದ ನಮ್ಮ ಮಾರಿಸ್‌ವಿಲ್ಲಿನಲ್ಲಿ, ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಪಾಟ್‌ಲಕ್ ಊಟಗಳಲ್ಲಿ ಎಲ್ಲರಿಗೂ ಒಬ್ಬೊಬ್ಬ ದೊಡ್ಡ ಅಜ್ಜ ಇದ್ದಾನೆ. ಒಬ್ಬರ ಅಜ್ಜ ಅರಮನೆಯಲ್ಲಿ ವೀಣೆ ನುಡಿಸಿದವರು, ಇನ್ನೊಬ್ಬರ ಅಜ್ಜ ಬ್ರಿಟಿಷ್ ಕಲೆಕ್ಟರನಿಗೆ ಎದುರು ಮಾತಾಡಿದವರು. ನನ್ನಜ್ಜ ಮೈಸೂರಿನಲ್ಲಿ ಗರಡಿ ನಡೆಸುತ್ತಿದ್ದ ಉಸ್ತಾದ್. ಇಷ್ಟು ಹೇಳಿ ನಾನು ಇನ್ನೊಂದು ಬೋಂಡಾ ಬಡಿಸಿಕೊಳ್ಳುತ್ತೇನೆ, ಅವರು ಹೂಂಗುಡುತ್ತಾರೆ, ಮಾತು ಗ್ರೀನ್ ಕಾರ್ಡಿನ ಕಡೆಗೆ ಹೊರಳುತ್ತದೆ. ಅದೇ ಗರಡಿಗೆ ಚಿಕ್ಕಂದಿನಲ್ಲಿ ನನ್ನನ್ನು ಕರೆದುಕೊಂಡು ಹೋದಾಗ ಮಣ್ಣಿನ ವಾಸನೆಗೆ ಸೀನು ಹತ್ತಿ ಮನೆಗೆ ಓಡಿಬಂದೆ ಎನ್ನುವುದನ್ನು ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ತೊಂದರೆ ಶುರುವಾದದ್ದು ಈ ಅಜ್ಜನನ್ನು ನವೋಕಿ ನಂಬಿದಾಗ.

ನವೋಕಿ ಜಪಾನಿನ ಹುಡುಗ. ಕೋವಿಡ್ ಗಲಾಟೆ ತಣ್ಣಗಾದ ಮೇಲೆ, ನಮ್ಮ ಮಗಳು ಅಟ್ಲಾಂಟಾಕ್ಕೆ ಓದಲು ಹೋಗಿ ಖಾಲಿಯಾಗಿದ್ದ ಮಹಡಿಯ ರೂಮಿಗೆ ಬಾಡಿಗೆಗೆ ಬಂದ. ಕೆಲಸವೇನಪ್ಪಾ ಎಂದರೆ ಕುಸ್ತಿ, ಟೀವಿಯಲ್ಲಿ ತೋರಿಸುತ್ತಾರಲ್ಲ, ಹಗ್ಗ ಕಟ್ಟಿದ ರಿಂಗಿನಲ್ಲಿ, ಅದು. ಅವರ ದೇಶದಲ್ಲಿ ಹೊಸಬರು ಮೊದಲು ಹಿರಿಯ ಕುಸ್ತಿಪಟುಗಳ ಬಟ್ಟೆ ಒಗೆದು, ಅಡುಗೆ ಮಾಡಿ, ಬೆನ್ನುಜ್ಜಿ, ಆಮೇಲೆ ಪರದೇಶಕ್ಕೆ ಹೋಗಿ ಪಳಗಬೇಕಂತೆ. ಅಲ್ಲಿನ ಕುಸ್ತಿ ಕಂಪನಿಯವರು ಕರೆದಾಗ ಮಾತ್ರ ವಾಪಸ್. ಹಾಗೆ ಬಂದವನು ವಾರದ ಕೊನೆಯಲ್ಲಿ ಕೆರೊಲೈನಾದ ಸಣ್ಣ ಸಣ್ಣ ಊರುಗಳ ಹಾಲ್‌ಗಳಲ್ಲಿ ಕುಸ್ತಿಯಾಡುತ್ತಿದ್ದ. ಉಳಿದ ದಿನ ನಮ್ಮ ಬಚ್ಚಲು ತಿಕ್ಕುತ್ತಿದ್ದ. ಬೇಡ ಎಂದರೂ ಕೇಳುತ್ತಿರಲಿಲ್ಲ. ಉಸ್ತಾದರ ಮೊಮ್ಮಗ ಊಟಕ್ಕೆ ಕೂರುವವರೆಗೆ ತಾನು ತಟ್ಟೆ ಮುಟ್ಟುತ್ತಿರಲಿಲ್ಲ. ಮದುವೆಯಾದಾಗಿನಿಂದ ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ಅದು, ಹಾಗಾಗಿ ನಾನೂ ತುಂಬಾ ಒತ್ತಾಯಿಸಿ ಬೇಡ ಅನ್ನಲಿಲ್ಲ.

ಒಂದು ಸಂಜೆ ಅವನು ಮುಖ ಸಪ್ಪೆ ಮಾಡಿಕೊಂಡು ಬಂದ. ನಮ್ಮಿಬ್ಬರ ಅರೆಬರೆ ಇಂಗ್ಲಿಷನ್ನು ಕನ್ನಡಕ್ಕೆ ಇಳಿಸಿದರೆ ಹೀಗಾಗುತ್ತದೆ: ಅವನದು ಕಪ್ಪು ಚಡ್ಡಿ, ಸಾದಾ ಮುಖ, ಪ್ರತಿ ಸಲವೂ ಸೋಲು. ನೋಡಿದವರಿಗೆ ನೆನಪೇ ಉಳಿಯುವುದಿಲ್ಲ. ಮುಂದಿನ ಶೋನಲ್ಲಿ ಏನಾದರೂ ವಿಶೇಷ ತೋರಿಸದಿದ್ದರೆ ಇನ್ನು ಬರಬೇಡ ಎಂದು ಶೋ ನಡೆಸುವವನು ಹೇಳಿಬಿಟ್ಟಿದ್ದ. ಕಂಪನಿ ಕರೆಯುವ ಮೊದಲೇ ಜಪಾನಿಗೆ ಮರಳಿದರೆ ಅಲ್ಲಿ ಯಾರೂ ಅವನನ್ನು ಮತ್ತೆ ರಿಂಗಿಗೆ ಹತ್ತಿಸುವುದಿಲ್ಲ.

“ಹಾಗಾದ್ರೆ ಒಂದು ಸಲ ಗೆದ್ದು ತೋರಿಸಬಾರದೇನಯ್ಯಾ?” ಎಂದೆ.

“ಅಂಕಲ್, ಯಾರು ಗೆಲ್ಲಬೇಕು ಅಂತ ಮೊದಲೇ ಹೇಳಿರ್ತಾರೆ” ಎಂದ. ಅಜ್ಜನ ಗರಡಿಯಲ್ಲಿ ಈ ಮಾತು ಆಡಿದ್ದರೆ ಕಂಬಕ್ಕೆ ಕಟ್ಟಿಹಾಕುತ್ತಿದ್ದರು. ಆದರೆ ಹುಡುಗನ ಕಣ್ಣು ತುಂಬಿತ್ತು. ಬಾಯಿ ತಪ್ಪಿ ಹೇಳಿಬಿಟ್ಟೆ, “ನಾನು ಕಲಿಸ್ತೀನಿ.”

ಕೆರೊಲೈನಾದ ಮಣ್ಣು ಗರಡಿಯ ಮಣ್ಣಿನ ಹಾಗೆಯೇ ಕೆಂಪು. ಹಿತ್ತಿಲಿನ ಹುಲ್ಲು ಕಿತ್ತು ಒಂದು ಗುಂಡಿ ತೋಡಿದೆವು. ಅಜ್ಜ ಮಣ್ಣಿಗೆ ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸುತ್ತಿದ್ದರು ಎಂದು ಕೇಳಿದ್ದೆ. ಎಷ್ಟೆಷ್ಟು ಎಂದು ಕೇಳಿರಲಿಲ್ಲ. ಯಾರ ಹಿತ್ತಿಲು ಹೇಗಿರಬೇಕೆಂದು ಕಟ್ಟಳೆ ಮಾಡುವ ನಮ್ಮ ಬಡಾವಣೆಯ ಅಸೋಸಿಯೇಷನ್ನಿನ ಹೆಂಗಸು ಬೇಲಿಯ ಮೇಲಿಂದ ಇಣುಕಿ ಫೋಟೊ ತೆಗೆದುಕೊಂಡು ಹೋದಳು. ನನ್ನ ಹೆಂಡತಿ ಶೈಲಾ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಟೊಮೇಟೊ ಪ್ಲಾಂಟ್ ಮಾಡ್ತಿದೀವಿ ಅಂತ ಅವಳಿಗೆ ಹೇಳಿದೀನಿ. ಇನ್ನು ನೀವು ಟೊಮೇಟೊ ಬೆಳೆದೇ ತೋರಿಸ್ಬೇಕು. ಮತ್ತೆ ಫ್ರಿಜ್ಜಲ್ಲಿದ್ದ ಅಷ್ಟೂ ಮೊಸರು ಎಲ್ಲ್ ಹೋಯ್ತು ಅಂತ ನಾನ್ ಕೇಳೋದೇ ಇಲ್ಲ!”

ನವೋಕಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುವುದನ್ನು ಕಲಿತ. ಮೈಗೆಲ್ಲ ಕೆಂಪು ಮೆತ್ತಿಕೊಂಡು, ತೊಡೆ ತಟ್ಟಿ, ಕೈ ಮೇಲೆತ್ತಿ ಸವಾಲು ಹಾಕುವುದನ್ನೂ ಕಲಿತ. ಅವನು ತೊಡೆ ತಟ್ಟಿದರೆ ಪಕ್ಕದ ಮನೆಯ ನಾಯಿ ಬೊಗಳುತ್ತಿತ್ತು. ನಾನು ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಾ ತಪ್ಪು ತಿದ್ದುತ್ತಿದ್ದೆ. ಇಷ್ಟು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವನಿಗೆ ಕೂತಲ್ಲಿಂದ ತಪ್ಪು ಹುಡುಕುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಶೋ ದಿನ ನಾನೂ ಶೈಲಾಳೂ ಡ್ರೈವ್ ಮಾಡಿಕೊಂಡು ಹೋದೆವು. ಡಬ್ಬಿಯಲ್ಲಿ ಕೊಂಡೊಯ್ದಿದ್ದ ಮಣ್ಣನ್ನು ಅವನು ಹಣೆಗೆ ಹಚ್ಚಿ ತೊಡೆ ತಟ್ಟಿದಾಗ ಇಡೀ ಹಾಲ್ ಎದ್ದು ನಿಂತು ಕೂಗಿತು. ನಾನು ಪಕ್ಕದ ಅಪರಿಚಿತನಿಗೆ “ನಮ್ಮ ಅಜ್ಜಂದು ಅದು” ಎಂದು ಕನ್ನಡದಲ್ಲೇ ಹೇಳಿಬಿಟ್ಟೆ. ಮೊದಲೇ ಹೇಳಿಟ್ಟಿದ್ದಂತೆ ನವೋಕಿ ಸೋತ. ಅದಕ್ಕೆ ನಾನು ಸಿದ್ಧನಾಗಿದ್ದೆ. ಸಿದ್ಧನಾಗಿರದಿದ್ದದ್ದು ಆಮೇಲಿನದಕ್ಕೆ. ಶೋ ನಡೆಸುವವನು ಬಂದು ನವೋಕಿಯ ಬೆನ್ನು ತಟ್ಟಿ, ಐಡಿಯಾ ಅದ್ಭುತವಾಗಿದೆ, ಇನ್ನು ಮುಂದೆ ಇದನ್ನು ನಮ್ಮೂರಿನ ಇವನು ಮಾಡುತ್ತಾನೆ ಎಂದು ಬೀರುವಿನಂಥ ಒಬ್ಬ ದಾಂಡಿಗನನ್ನು ತೋರಿಸಿದ. ನವೋಕಿ ಅವನಿಗೆ ತೊಡೆ ತಟ್ಟುವುದನ್ನು ಕಲಿಸಿ, ಪ್ರತಿ ಶೋನಲ್ಲೂ ಅವನ ಕೈಯಲ್ಲಿ ಸೋಲಬೇಕು. ನವೋಕಿ ನಡು ಬಗ್ಗಿಸಿ ವಂದಿಸಿದ. ನನಗೆ ನಿಜವಾಗಿಯೂ ಅಳು ಬಂತು. ಆಫೀಸಿನಲ್ಲಿ ನಾನು ಹೇಳಿದ್ದನ್ನು ಇನ್ನೊಬ್ಬ ಸ್ಲೈಡ್ ಮಾಡಿ ತೋರಿಸುವಾಗ ಬರುತ್ತದಲ್ಲ, ಅದೇ ಅಳು.

ಮಾರನೆಯ ಬೆಳಿಗ್ಗೆ ಹಿತ್ತಿಲಿನಲ್ಲಿ ಅವನನ್ನು ಹಿಡಿದು ಬೈದೆ. “ನಮ್ಮಜ್ಜ ಆಗಿದ್ರೆ ಆ ದಾಂಡಿಗನ ಎದುರು ಹೀಗೆ ನಿಲ್ತಿದ್ರು!” ಎಂದು ಗುಂಡಿಗಿಳಿದು ತೊಡೆ ತಟ್ಟಿದೆ. ಅಳತೆ ತಪ್ಪಿದ ಎಣ್ಣೆ ತನ್ನ ಕೆಲಸ ಮಾಡಿತು. ಕಣ್ಣು ಬಿಟ್ಟಾಗ ಆಕಾಶ ಕಾಣುತ್ತಿತ್ತು, ಬೆನ್ನು ಪೂರ್ತಿ ಮಣ್ಣಿಗೆ ಅಂಟಿತ್ತು. ಅಜ್ಜನ ಲೆಕ್ಕದಲ್ಲಿ ಕುಸ್ತಿ ಮುಗಿದಿತ್ತು.

ನವೋಕಿ ನನ್ನನ್ನು ಎಬ್ಬಿಸಲಿಲ್ಲ. ಪಕ್ಕದಲ್ಲೇ ತಾನೂ ಮಲಗಿದ. “ಅಂಕಲ್, ಗದ್ದ ಎದೆಗೆ ಒತ್ತಬೇಕು. ತಲೆ ಉಳಿಯುತ್ತೆ. ಶುರುವಿನಲ್ಲಿ ನನಗೆ ಬೇರೆ ಏನೂ ಕಲಿಸಲಿಲ್ಲ, ಬೀಳೋದು ಮಾತ್ರ.” ಆಮೇಲೆ ಸ್ವಲ್ಪ ನಾಚಿಕೊಂಡು ಸೇರಿಸಿದ, “ಇಷ್ಟು ದಿನ ಯಾರ್ಯಾರ ಕೈಯಲ್ಲೋ ಸೋಲ್ತಿದ್ದೆ. ಇನ್ನು ಪ್ರತಿ ಶೋನ ಕೊನೆಯ, ಮುಖ್ಯ ಕುಸ್ತಿಯಲ್ಲಿ, ದೊಡ್ಡವನ ಕೈಯಲ್ಲಿ. ಪ್ರಮೋಷನ್.” ಅವನು ತಮಾಷೆ ಮಾಡುತ್ತಿರಲಿಲ್ಲ. ಅವನ ಜಾಗ ಉಳಿದಿತ್ತು, ಮುಖ ಅರಳಿತ್ತು. ಇಷ್ಟು ವರ್ಷ ಸೋತ ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಸೋಮವಾರ ನೋಯುವ ಸೊಂಟಕ್ಕೆ ಬೆಲ್ಟ್ ಬಿಗಿದು ಮನೆಯಿಂದಲೇ ಮೀಟಿಂಗಿಗೆ ಕೂತೆ. ನಾನು ಕಟ್ಟಿ ಬೆಳೆಸಿದ ಪ್ರಾಜೆಕ್ಟನ್ನು ಮೊನ್ನೆ ಮೊನ್ನೆ ಸೇರಿದ ಒಬ್ಬನಿಗೆ ವಹಿಸಿದ್ದಾರೆಂದೂ, ನಾನು ಅವನಿಗೆ ಎಲ್ಲವನ್ನೂ ಕಲಿಸಿಕೊಡಬೇಕೆಂದೂ ಬಾಸ್ ನಗುನಗುತ್ತಾ ಹೇಳಿದ. ಶೈಲಾ ಕಾಫಿ ತಂದವಳು ನನ್ನನ್ನೇ ನೋಡುತ್ತಾ ನಿಂತಳು.

“ಯಾಕ್ರೀ ಹಾಗೆ ಗದ್ದ ಎದೆಗೆ ಒತ್ಕೊಂಡು ಕೂತಿದೀರಾ? ಕುತ್ತಿಗೆನೂ ಹಿಡ್ಕೊಂಡ್ತಾ?”