ಬಹುಮತದಿಂದ ಕೂಡಿಸಿದ ಕಿಕ್ಕು

ಕಾಮ್ರೇಡ್ ಮಹಾದೇವಪ್ಪ ಶನಿವಾರ ಸಂಜೆ ಒಂದು ಐತಿಹಾಸಿಕ ಘೋಷಣೆ ಮಾಡಿದ: "ಈ ಗಾಡಿ ಕಿಕ್ಕನ್ನ ಇನ್ನ ಯಾವ ಮೆಕ್ಯಾನಿಕ್ಕೂ ಮುಟ್ಟಬೇಕಾಗಿಲ್ಲ. ದುಡಿಯೋ ಕೈಗೆ ಆಗದ್ದು ಅಂತ ಜಗತ್ತಿನಾಗ ಯಾವುದೂ ಇಲ್ಲ!"

ಘೋಷಣೆ ಕೇಳಲು ನೆರೆದಿದ್ದ ಜನಸ್ತೋಮವೆಂದರೆ ಹೆಂಡತಿ ಭಾಗೀರಥಿ ಒಬ್ಬಳೇ. ಡೊಂಬಿವಲಿಯ ಚಾಳಿನ ಬಾಗಿಲಲ್ಲಿ ಕೂತು ಮೆಂತ್ಯಪಲ್ಲೆ ಬಿಡಿಸುತ್ತಿದ್ದಳು. ಚಪ್ಪಾಳೆ ಬೀಳಲಿಲ್ಲ.

"ಗಲ್ಲಿ ತುದಿಗೆ ಗ್ಯಾರೇಜ್ ಐತಲ್ರೀ?"

"ಅದರ ಮ್ಯಾಲೆ ಬಹಿಷ್ಕಾರ ಐತಿ!"

ಇತ್ತು. ಹಿಂದಿನ ಬಂದ್ ದಿನ ಆ ಗ್ಯಾರೇಜಿನವನು ಶಟರನ್ನು ಮೊಣಕಾಲೆತ್ತರ ಎತ್ತಿಕೊಂಡು ಒಳಗೆ ಕೂತು ಪಂಕ್ಚರ್ ಹಾಕುತ್ತಿದ್ದ. ಮಹಾದೇವಪ್ಪ ನೆಲಕ್ಕೆ ಬಾಗಿ, ಆ ಸಂದಿಯಲ್ಲಿ ತಲೆ ತೂರಿಸಿ, ಬಹಿಷ್ಕಾರ ಹೇರಿ ಎದ್ದು ಬಂದಿದ್ದ. ಅಂದಿನಿಂದ ಗಾಡಿ ಗ್ಯಾರೇಜಿನ ಮುಖ ನೋಡಿಲ್ಲ. ಗ್ಯಾರೇಜು ಮಾತ್ರ ಸೊರಗಿದಂತೆ ಕಾಣಲಿಲ್ಲ.

ಆ ಹಳೆಯ ಮೋಟರ್‌ಸೈಕಲ್ಲಿನ ರೋಗ ಇಷ್ಟೇ: ಕಿಕ್ಕು ತುಳಿದರೆ ಕೆಳಗೆ ಹೋಗುತ್ತಿತ್ತು, ಮೇಲೆ ಬರುತ್ತಿರಲಿಲ್ಲ. ಅದನ್ನು ಮೇಲಕ್ಕೆಳೆಯುವ ಸ್ಪ್ರಿಂಗು ಎಂಜಿನ್ನಿನ ಒಳಗೆ ಮುರಿದಿತ್ತು.

ಮರುದಿನ ಬೆಳಿಗ್ಗೆಯೇ ಅದು ಸರಿಯಾಗಬೇಕಿತ್ತು. ತುರ್ಭೆಯ ಧಾನ್ಯಪೇಟೆಯಲ್ಲಿ ಮಹಾದೇವಪ್ಪ ಅಧ್ಯಕ್ಷನಾಗಿದ್ದ ಹಮಾಲರ ಸಂಘದ ಮಹಾಸಭೆ. ಅದೇ ಪೇಟೆಯಲ್ಲಿ ಚೀಲ ಹೊಲಿದು, ಚೆಲ್ಲಿದ ಕಾಳು ಬಳಿಯುವ ಹೆಂಗಸರು ಸಂಘಕ್ಕೆ ಚಂದಾ ಕೊಡುತ್ತಿದ್ದರು, ಮೋರ್ಚಾದಲ್ಲಿ ಮುಂದೆ ನಿಂತು ಲಾಠಿ ತಿನ್ನುತ್ತಿದ್ದರು, ಕಾರ್ಯಕಾರಿ ಸಮಿತಿಯಲ್ಲಿ ಮಾತ್ರ ಒಬ್ಬಳೂ ಇರಲಿಲ್ಲ. ಕೇಳಿದಾಗೆಲ್ಲ ಮಹಾದೇವಪ್ಪ "ಪರಿಶೀಲನೆಯಾಗ ಐತಿ" ಎನ್ನುತ್ತಿದ್ದ. ಸರಕಾರವನ್ನು ಬೈದು ಬೈದು ಸರಕಾರದ ಭಾಷೆಯೇ ನಾಲಿಗೆಗೆ ಹತ್ತಿತ್ತು! ಈ ಸಲ ವಿಷಯ ಸಭೆಯ ಮುಂದೆ ಬರುವುದಿತ್ತು. ಮಂಡಿಸಬೇಕಾದವಳು ಚೀಲ ಹೊಲಿಯುವ ಭಾಗೀರಥಿ. ಅವಳು ಹೋಗದಿದ್ದರೆ ಮತ್ತೆ ಒಂದು ವರ್ಷ ಪರಿಶೀಲನೆ. ಭಾನುವಾರವೆಂದರೆ ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕು. ಗಾಡಿಯೇ ಗತಿ.

"ಸೆಕೆಂಡ್ ಗೇರಿಗೆ ಹಾಕಿ ದಬ್ಬಿದ್ರ ಚಾಲೂ ಆಗ್ತೈತಲ್ರೀ," ಎಂದಳು ಭಾಗೀರಥಿ. "ನಾ ದಬ್ತೀನಿ."

"ಅಧ್ಯಕ್ಷನ ಗಾಡಿ ಹೆಂಡ್ತಿ ಕಡಿಂದ ದಬ್ಬಿಸ್ಕೊಂಡು ಹೋದರ ಸಂಘಟನೆ ಮರ್ಯಾದಿ ಏನಾಗಬೇಕು?"

ಭಾನುವಾರ ಬೆಳಿಗ್ಗೆ ಬಲಗೈ ಎಡಗೈಗಳಂಥ ಇಬ್ಬರು ಬಂದರು. ಉಡುಪಿ ಕಡೆಯ ಕಿಟ್ಟಣ್ಣ, ಹೋಟೆಲು ಕೆಲಸ ಬಿಟ್ಟು ಹಮಾಲನಾದವನು, ಸಂಘದ ಉಪಾಧ್ಯಕ್ಷ. ರಾಯಚೂರು ಕಡೆಯ ಯಂಕಣ್ಣ, ಖಜಾಂಚಿ. ಮೂವರೂ ಗಾಡಿಯ ಸುತ್ತ ಕುಕ್ಕರಗಾಲಲ್ಲಿ ಕೂತರು. ಕೋರಂ ಆಯಿತು.

ಇವರ ಪದ್ಧತಿಯೇ ಹಾಗೆ. ಚಹಾಕ್ಕೆ ಸಕ್ಕರೆ ಎಷ್ಟೆಂಬುದನ್ನೂ ಕೈ ಎತ್ತಿಯೇ ತೀರ್ಮಾನಿಸುವವರು. ಎಂಜಿನ್ ಆಯಿಲ್ ಇಳಿಸಬೇಕೆಂಬ ಗೊತ್ತುವಳಿ ಸರ್ವಾನುಮತದಿಂದ ಪಾಸಾಯಿತು. ಇಳಿಸಿದ್ದು ಭಾಗೀರಥಿ ರೊಟ್ಟಿ ಹಿಟ್ಟು ನಾದುವ ಪರಾತದೊಳಗೆ!

"ಅಯ್ಯ ನಿಮ್ಮ ಸಂಘಕ್ಕ ಬೆಂಕಿ ಹಾಕಾ! ನಾಳೆ ಅದರಾಗ ನಾದಿದ ರೊಟ್ಟಿ ನೀವಾ ತಿನ್ರಿ!"

"ಆಕ್ಷೇಪ ದಾಖಲಾತು," ಎಂದ ಮಹಾದೇವಪ್ಪ, ತಲೆ ಎತ್ತದೆ.

ಕಿಕ್ಕಿನ ಕಾಲು ಕಳಚಿ ಬಂತು. ಬೋಲ್ಟುಗಳು ಬಂದವು. ಬಲಬದಿಯ ಮುಚ್ಚಳಕ್ಕೆ ಸುತ್ತಿಗೆಯಿಂದ ಒಂದು ಮನವಿ ಸಲ್ಲಿಸಿದಾಗ ಅದೂ ಬಂತು, ಆಯಿಲ್ ಸೋರದಂತೆ ಒಳಗೆ ಕೂಡಿಸಿದ ಗ್ಯಾಸ್ಕೆಟ್ ಕಾಗದವನ್ನು ಹರಿದುಕೊಂಡೇ. ಅದಕ್ಕೆ ಮಹಾದೇವಪ್ಪ ಬೇಡಿಕೆ ಬರೆದ ಹಳೆಯ ರಟ್ಟಿನ ಫಲಕವನ್ನು ಕತ್ತರಿಸಿ ಹೊಸ ಗ್ಯಾಸ್ಕೆಟ್ ಮಾಡಿದ. ಸರಕಾರ ಕಿವಿಗೆ ಹಾಕಿಕೊಳ್ಳದ ಬೇಡಿಕೆ ಎಂಜಿನ್ನಿನ ಹೊಟ್ಟೆಗಾದರೂ ಸೇರಲಿ!

ಮುರಿದ ಸ್ಪ್ರಿಂಗು ತೆಗೆದರು. ಯಂಕಣ್ಣ ಕೊಂಡು ತಂದಿದ್ದ ಹೊಸದನ್ನು ಕೂಡಿಸುವಲ್ಲಿ ಭಿನ್ನಮತ ತಲೆದೋರಿತು.

"ಇದಕ್ಕೆ ಮೊದಲೇ ಸ್ವಲ್ಪ ಬಿಗಿ ಕೊಡ್ಬೇಕು ಅಂತ ಕಾಣ್ತದೆ ಮಾರಾಯ್ರೆ," ಎಂದು ಕಿಟ್ಟಣ್ಣ ತಲೆ ಕೆರೆದುಕೊಂಡ.

"ಕೆಲಸಾ ಚಾಲೂ ಆಗೂಕಿಂತ ಮೊದಲಾ ಬಿಗಿಯೋದು ಮಾಲಕರ ಬುದ್ಧಿ!" ಎಂದು ಮಹಾದೇವಪ್ಪ ಗುಡುಗಿದ. "ಅದನ್ನ ಆರಾಮ ಕೂಡಿಸ್ರಿ. ಹೊತ್ತು ಬಂದಾಗ ತಾನಾ ದುಡೀತೈತಿ."

ಸೀರೆಯುಟ್ಟು ತಯಾರಾಗಿ ನಿಂತಿದ್ದ ಭಾಗೀರಥಿ ಬಗ್ಗಿ ನೋಡಿದಳು. "ಆ ಸ್ಪ್ರಿಂಗಿನ ತುದಿ ಎಲ್ಲೈತಿ, ತೂತು ಎಲ್ಲೈತಿ ನೋಡ್ರಿ. ತುದೀನ ಸುತ್ತ ತಿರುವಿ ಎಳೆದು ಆ ಕಡೆ ತೂತಿಗೆ ಸಿಗಸ್ರಿ. ಹಂಗಾ ಸಡ್ಲ ಇಟ್ರ ಕಿಕ್ಕನ್ನ ಮ್ಯಾಲೆ ಯಾರು ಎಳೀಬೇಕು, ನಿಮ್ಮಪ್ಪ?"

"ಭಾಗೀರಥಿ, ನೀ ಸಮಿತಿ ಸದಸ್ಯಳಲ್ಲ. ಮತ ಇಲ್ಲ ನಿನಗ."

ಯಂಕಣ್ಣ ಅಧ್ಯಕ್ಷನ ಮುಖ ನೋಡಿ ಕೈ ಎತ್ತಿದ. ಕಿಟ್ಟಣ್ಣ ಯಂಕಣ್ಣನ ಕೈ ನೋಡಿ ಎತ್ತಿದ. ಸ್ಪ್ರಿಂಗನ್ನು ಆರಾಮವಾಗಿ, ಹತ್ತಿರದ ಒಂದು ಮೂಲೆಗೆ ಸಿಕ್ಕಿಸಿ, ಮುಚ್ಚಳ ಬಿಗಿದು, ಪರಾತದ ಆಯಿಲನ್ನು ಮತ್ತೆ ಸುರಿದರು.

ಮಹಾದೇವಪ್ಪ ಎದ್ದ. ಧೋತರ ಎತ್ತಿ ಕಟ್ಟಿದ. ಚಾಳೆಲ್ಲ ಹೊರಗೆ ಬಂದು ನಿಂತಿತ್ತು. ಒಂದು ಕ್ಷಣ ಕಣ್ಣು ಮುಚ್ಚಿ, ಹುತಾತ್ಮರನ್ನು ನೆನೆದು, ಕಿಕ್ಕು ತುಳಿದ.

ಕೆಳಗೆ ಹೋಯಿತು. ಅಲ್ಲೇ ಉಳಿಯಿತು.

ಬಗ್ಗಿ ಕೈಯಿಂದ ಎತ್ತಿ ಮತ್ತೊಮ್ಮೆ, ಈ ಸಲ ಮೈಯ ಭಾರವನ್ನೆಲ್ಲ ಹೇರಿ ತುಳಿದ. ಒಳಗೆ ಏನೋ 'ಕಟಕ್' ಎಂದಿತು. ಕಿಕ್ಕು ಅರ್ಧದಲ್ಲಿ ಸಿಕ್ಕಿಬಿತ್ತು; ಮೇಲೂ ಬಾರದು, ಕೆಳಗೂ ಹೋಗದು. ರಟ್ಟಿನ ಫಲಕ ತನ್ನ ಸಂದಿಯಿಂದ ಕರಿ ಆಯಿಲನ್ನು ಅವನ ಧೋತರದ ಮೇಲೆ ಬಿಡುಗಡೆ ಮಾಡಿತು.

"ಈಗ ದಬ್ಬಿ ನೋಡೂಣೇನ್ರೀ?" ಎಂದ ಯಂಕಣ್ಣ, ಮೆಲ್ಲಗೆ.

ದಬ್ಬಿದರು. ಹಿಂದಿನ ಗಾಲಿ ತಿರುಗಿತು, ಎಂಜಿನ್ನು ಜಪ್ಪಯ್ಯ ಎನ್ನಲಿಲ್ಲ. ಶನಿವಾರ ದಬ್ಬಿದ್ದರೆ ಓಡುತ್ತಿದ್ದ ಗಾಡಿ ಈಗ ದಬ್ಬಿದರೂ ಓಡದಂತಾಗಿತ್ತು. ಇದು ಮೂವರು ಗಂಡಸರ ಸಾಧನೆ.

ಭಾಗೀರಥಿ ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಗೆ ನಡೆದಳು. ತುರ್ಭೆಗೆ ಖಾಲಿ ಹೊರಟಿದ್ದ ಈರುಳ್ಳಿ ಟೆಂಪೊಕ್ಕೆ ಅಡ್ಡ ನಿಂತಳು. ರಸ್ತಾ ರೋಕೋ ಮಾಡಿದ ಹೆಂಗಸು, ಡ್ರೈವರು ಬ್ರೇಕು ಹಾಕದೆ ಏನು ಮಾಡ್ಯಾನು? ಹಿಂದೆ ಹತ್ತಿ ಈರುಳ್ಳಿ ಸಿಪ್ಪೆಯ ಮೇಲೆ ಕೂತಳು. ಕಿಟ್ಟಣ್ಣ, ಯಂಕಣ್ಣ ಅವಳ ಹಿಂದೆ ಹತ್ತಿದರು.

"ನೀವೂ ಹತ್ರಿ," ಎಂದಳು ಗಂಡನಿಗೆ.

"ನೀವು ನಡೀರಿ! ನೀವು ಶಿಳ್‌ಫಾಟಾ ದಾಟೋದ್ರಾಗ ನಾ ಗಾಡಿ ಮ್ಯಾಲೆ ನಿಮ್ಮನ್ನ ಹಿಂದ ಹಾಕಿರ್ತೀನಿ!"

ಮಧ್ಯಾಹ್ನದ ಹೊತ್ತಿಗೆ ಅಧ್ಯಕ್ಷರ ಮುಂದೆ ಗಾಡಿ ಇರಲಿಲ್ಲ. ಒಂದು ಗೋಣಿತಾಟಿನ ತುಂಬ ಗಾಡಿಯ ಭಾಗಗಳಿದ್ದವು. ಆಗ ಫೋನು ಬಂತು. ಯಂಕಣ್ಣ.

"ಕೇಳ್ರಿ ಅಧ್ಯಕ್ಷರ, ನಿಮ್ಮ ಮನಿಯವರು ಮಾತಾಡಾಕತ್ತಾರ. ಫೋನ್ ಸ್ಪೀಕರಿಗೆ ಹಿಡೀತೀನಿ."

ಗರಗರ ಸದ್ದಿನ ನಡುವೆ ಭಾಗೀರಥಿಯ ದನಿ ಬಂತು. "ಅಧ್ಯಕ್ಷರು ಎಲ್ಲಿ ಅಂತ ಕೇಳಾಕತ್ತೀರಿ. ಅವರು ನಮ್ಮ ಚಾಳಿನಾಗ, ಆಯಿಲ್‌ದಾಗ ಕುಂತಾರ!"

ನಗೆ. ಪರಾತ, ಫಲಕ, ಸ್ಪ್ರಿಂಗು, ಕೈ ಎತ್ತಿದ್ದು ಎಲ್ಲ ಒಂದೊಂದಾಗಿ ಹೇಳಿದಳು. ಒಂದೊಂದಕ್ಕೂ ಪೇಟೆಯ ತಗಡು ಹಾರುವಂತೆ ಜನ ನಕ್ಕರು. ಇಷ್ಟು ವರ್ಷ ತಾನು ಭಾಷಣ ಮಾಡಿದಾಗ ಜನ ಹೀಗೆ ಕೇಳಿದ್ದು ಮಹಾದೇವಪ್ಪನಿಗೆ ನೆನಪಾಗಲಿಲ್ಲ.

ಆಮೇಲೆ ಅವಳ ದನಿ ಇಳಿಯಿತು. "ನಗಬ್ಯಾಡ್ರಿ ಈಗ. ನಾವು ಚೀಲಾ ಹೊಲಿಯೋರು. ಎಲ್ಲಿ ಹರೀತೈತಿ ಅಂತ ನಮಗ ಮೊದಲಾ ಕಾಣಸ್ತೈತಿ. ಕಂಡಿದ್ದು ಹೇಳಾಕ ಜಾಗಾ ಬೇಕು ನಮಗ. ಇಲ್ಲಂದ್ರ ಇವತ್ತು ಒಂದು ಗಾಡಿ ಹೋತು, ನಾಳೆ ಸಂಘಾನೂ ಇವರು ಹಿಂಗಾ ಬಿಚ್ಚಿ ಕುಂದರಸ್ತಾರ."

ನಗೆ ನಿಂತಿತು. ಗಂಟಲು ಸರಿಮಾಡಿಕೊಂಡ ಕಿಟ್ಟಣ್ಣನ ದನಿ: "ಪರವಾಗಿ ಇರುವವರು ಕೈ ಎತ್ತಿ ಮಾರಾಯ್ರೆ." ಬಳಿಕ ಒಮ್ಮೆಲೇ ಬಳೆಗಳ ಸದ್ದು, ಅದರ ಹಿಂದೆಯೇ ಹೆಂಗಸರ ಕೇಕೆ.

ಮಹಾದೇವಪ್ಪ ಗೋಣಿತಾಟಿನ ಮುಂದೆ ಕೂತಲ್ಲೇ ಬಲಗೈ ಎತ್ತಿದ. ಮೊಣಕೈ ತನಕ ಆಯಿಲ್ ಇಳಿಯಿತು.

"ಭಾಗೀರಥಿ," ಎಂದ, ಅವಳು ಫೋನಿಗೆ ಬಂದಾಗ. "ನಾನೂ ಕೈ ಎತ್ತೀನಿ. ನಿನ್ನ ಮಾತು ಕೇಳಬೇಕಾಗಿತ್ತು."

"ಆತ್ರೀ. ಹೊಸಾ ಸಮಿತೀದು ಮೊದಲನೇ ಸಭಾ ಸಂಜಿಗೆ ನಮ್ಮ ಮನ್ಯಾಗ ಐತಿ. ಚಾ ಇಟ್ಟಿರ್ರಿ. ಗಾಡಿ ವಿಷಯಾನೂ ಅಜೆಂಡಾದಾಗ ತಗೊಂಡೀವಿ. ಅಲ್ಲೀತನಕ ದಯಮಾಡಿ ಏನೂ ಮುಟ್ಟಬ್ಯಾಡ್ರಿ!"